ಮೋಟಾರು ಸೈಕಲು ಪ್ರವಾಸಕ್ಕೆ ಎಂಥ ಜಿ.ಪಿ.ಎಸ್. ಬೇಕು?

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವವರು ಹೆಚ್ಚಿದ್ದಾರೆಯೋ ಇಲ್ಲವೋ, ದೇಶ ಸುತ್ತುವವರು ಹೆಚ್ಚಿದ್ದಾರೆಂಬುದಂತೂ ನಿಜ. ನಾಲ್ಕು ದಿನ ರಜೆ ಸಿಕ್ಕಿತೆಂದರೆ ನಮ್ಮ ಗಡಿನಾಡಿನ ತರುಣರು ಮೋಟಾರು ಸೈಕಲಿನ ಹಿಂದೆ ಚೀಲ ಬಿಗಿದು ತಲಕಾವೇರಿಗೋ ಆಗುಂಬೆಗೋ ವಯನಾಡಿಗೋ ಹೊರಟುಬಿಡುತ್ತಾರೆ. ಎದೆಗಾರಿಕೆಯುಳ್ಳವರು ಲಡಾಖಿನವರೆಗೂ ಹೋಗಿ ಬರುತ್ತಾರೆ. ಈಗೀಗ ಹೆಣ್ಣುಮಕ್ಕಳೂ ಈ ಸಾಲಿನಲ್ಲಿದ್ದಾರೆ. ಹೋಗಬೇಡಿರೆಂದು ತಡೆಯುವುದು ನಮ್ಮ ಉದ್ದೇಶವಲ್ಲ. ಪಾಠಪುಸ್ತಕ ಕಲಿಸದ ಭೂಗೋಳವನ್ನು ರಸ್ತೆ ಕಲಿಸುತ್ತದೆ.

ಹೊರಡುವ ಮೊದಲು ಮನೆಮನೆಯಲ್ಲೂ ಒಂದು ಚರ್ಚೆ ಏಳುತ್ತದೆ. ದಾರಿ ತೋರಿಸಲು ಕೈಯಲ್ಲಿರುವ ಫೋನೇ ಸಾಲದೇ? ಸಾವಿರಾರು ರೂಪಾಯಿ ತೆತ್ತು ಜಿ.ಪಿ.ಎಸ್. ಉಪಕರಣವನ್ನು ಬೇರೆಯಾಗಿ ಕೊಳ್ಳಬೇಕೇ? ಮಗ 'ಬೇಕು' ಎನ್ನುತ್ತಾನೆ, ತಂದೆ 'ಏಕೆ' ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಪ್ರಶ್ನೆ ಬರಿಯ ಹಣದ್ದಲ್ಲ, ಜೀವದ್ದೂ ಹೌದು.

2024ರ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಜಿಲ್ಲೆಯ ಕುಟ್ಟಿಕೋಲು ಸಮೀಪದ ಪಳ್ಳಂಜಿಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ನಸುಕಿನ ಹೊತ್ತಿಗೆ ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರ ಕಾರು, ತುಂಬಿ ಹರಿಯುತ್ತಿದ್ದ ಹೊಳೆಗೆ ಇಳಿದು ಕೊಚ್ಚಿಹೋಯಿತು. ಮರವೊಂದಕ್ಕೆ ಸಿಕ್ಕಿಕೊಂಡದ್ದರಿಂದ ಅವರು ಬದುಕಿದರು. ಅಗ್ನಿಶಾಮಕ ದಳದವರು ಬಂದು ದಡ ಸೇರಿಸಿದರು. ಫೋನಿನ ನಕ್ಷೆ ಅಲ್ಲಿ ರಸ್ತೆಯಿದೆಯೆಂದು ತೋರಿಸಿತ್ತು ಎಂದು ಅವರು ಹೇಳಿದರು. ನಕ್ಷೆ ಸುಳ್ಳು ಹೇಳಿರಲಿಲ್ಲ. ಅಲ್ಲಿ ತಡೆಗೋಡೆಯಿಲ್ಲದ ಸೇತುವೆಯೊಂದು ಇದ್ದದ್ದು ನಿಜ. ಅಂದಿನ ಮಳೆಗೆ ಅದು ಮುಳುಗಿತ್ತು ಎಂಬುದು ಮಾತ್ರ ನಕ್ಷೆಗೆ ತಿಳಿದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ನೆರೆಗೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅಲ್ಲಿಯೂ ನಕ್ಷೆಯ ಮಾತೇ ಎದ್ದಿತು.

ಇವೆರಡೂ ಕಾರುಗಳು. ನಾಲ್ಕು ಚಕ್ರದವರಿಗೇ ಇಂಥ ಗತಿಯಾದರೆ ಎರಡು ಚಕ್ರದವರು ಇನ್ನೆಷ್ಟು ಜಾಗ್ರತೆಯಿಂದಿರಬೇಕು! ಆದ್ದರಿಂದ ಬೆಲೆ ಕೇಳುವ ಮೊದಲು, ಈ ಯಂತ್ರಕ್ಕೆ ಏನು ತಿಳಿದಿರುತ್ತದೆ, ಏನು ತಿಳಿದಿರುವುದಿಲ್ಲ ಎಂಬುದನ್ನು ಅರಿಯುವುದು ಲೇಸು.

ಆಕಾಶದಿಂದ ಒಂದು, ನೆಲದಿಂದ ಒಂದು

ಜಿ.ಪಿ.ಎಸ್. ಎಂಬುದು ಅಮೆರಿಕದವರು ತಮ್ಮ ಸೈನ್ಯಕ್ಕಾಗಿ ಕಟ್ಟಿದ ವ್ಯವಸ್ಥೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅದರ ಉಪಗ್ರಹಗಳು ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. 'ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಹೊತ್ತು' ಎಂದು ಅವು ಸದಾ ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ನಮ್ಮ ಯಂತ್ರ ಆ ಸಂಕೇತಗಳು ಬಂದು ಮುಟ್ಟಿದ ಹೊತ್ತನ್ನು ಲೆಕ್ಕಹಾಕಿ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿದ ಬಳಿಕ, ಈ ಸೌಲಭ್ಯವನ್ನು ಜನಸಾಮಾನ್ಯರಿಗೂ ಕೊಡುವುದಾಗಿ ಅಮೆರಿಕದ ಅಧ್ಯಕ್ಷ ರೇಗನ್ ಘೋಷಿಸಿದರು. ಆದರೂ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಬೆರಕೆಯನ್ನು ನಿಲ್ಲಿಸಿದರು. ಅಲ್ಲಿಂದೀಚೆಗೆ ತೆರೆದ ಬಯಲಿನಲ್ಲಿ ಕೆಲವೇ ಮೀಟರುಗಳ ಅಂತರದೊಳಗೆ ಜಾಗ ತಿಳಿಯುವಂತಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 'ನಾನು ಎಲ್ಲಿದ್ದೇನೆ' ಎಂಬುದಕ್ಕೆ ಉತ್ತರ ಆಕಾಶದಿಂದ ಬರುತ್ತದೆ. ಅದಕ್ಕೆ ಸಿಮ್ ಬೇಡ, ಟವರ್ ಬೇಡ, ಹಣವೂ ಬೇಡ. 'ಇಲ್ಲಿಂದ ಹೇಗೆ ಹೋಗಲಿ' ಎಂಬುದಕ್ಕೆ ಉತ್ತರ ನಕ್ಷೆಯಿಂದ ಬರಬೇಕು. ಆ ನಕ್ಷೆ ಯಂತ್ರದ ಹೊಟ್ಟೆಯಲ್ಲೇ ಇರಬಹುದು, ಅಥವಾ ದಾರಿಯುದ್ದಕ್ಕೂ ನೆಟ್‌ವರ್ಕಿನ ಮೂಲಕ ಬರುತ್ತಿರಬಹುದು. ಹೊಸದುರ್ಗದಿಂದ ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋದವರಿಗೆ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾಡಿನ ನಡುವೆ ನೆಟ್‌ವರ್ಕು ಹೋಗುತ್ತದೆ. ನೀಲಿ ಚುಕ್ಕೆ ಮಾತ್ರ ಬಿಳಿಯ ಹಾಳೆಯ ಮೇಲೆ ಚಲಿಸುತ್ತಿರುತ್ತದೆ. ಹೀಗಾಗಿ ಯಾವ ಉಪಕರಣವನ್ನು ಕೊಳ್ಳುವುದಾದರೂ ಮೊದಲ ಪ್ರಶ್ನೆ ಇದು: ನೆಟ್‌ವರ್ಕಿಲ್ಲದ ಕಡೆ ಇದರೊಳಗೆ ನಕ್ಷೆ ಉಳಿಯುತ್ತದೆಯೇ?

ಈಗಿನ ಯಂತ್ರಗಳು ಅಮೆರಿಕದ ಉಪಗ್ರಹಗಳಲ್ಲದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಉಪಗ್ರಹಗಳ ಸಂಕೇತವನ್ನೂ ಹಿಡಿಯುತ್ತವೆ. ಘಟ್ಟದ ಓರೆಯಲ್ಲಿ, ದಟ್ಟ ಮರಗಳಡಿಯಲ್ಲಿ ಕಾಣುವ ಆಕಾಶ ಕಿರಿದು. ಅಲ್ಲಿ ಉಪಗ್ರಹಗಳು ಹೆಚ್ಚು ಸಿಕ್ಕಷ್ಟೂ ಒಳ್ಳೆಯದು. ನಮ್ಮ ದೇಶದ್ದೇ ಆದ 'ನಾವಿಕ್' ವ್ಯವಸ್ಥೆಯೂ ಇದೆ. ಇಸ್ರೋ ಸಂಸ್ಥೆ 2013ರಿಂದ 2016ರ ನಡುವೆ ಇದರ ಉಪಗ್ರಹಗಳನ್ನು ಹಾರಿಸಿತು; ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇದರ ಕೇಂದ್ರವಿದೆ. ಆದರೆ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ ತಿಂಗಳಲ್ಲಿ ಸ್ವದೇಶೀ ಗಡಿಯಾರ ಹೊತ್ತ ಹೊಸ ಉಪಗ್ರಹ ಕಕ್ಷೆ ಸೇರಿತು. 2025ರ ಜನವರಿಯಲ್ಲಿ ಹಾರಿದ ಇನ್ನೊಂದು ಉದ್ದೇಶಿತ ಕಕ್ಷೆಯನ್ನು ಮುಟ್ಟಲಿಲ್ಲ. ಯಂತ್ರದಲ್ಲಿ ನಾವಿಕ್ ಇದ್ದರೆ ಸಂತೋಷವೇ; ಅದೊಂದನ್ನೇ ನೋಡಿ ಕೊಳ್ಳುವಂತಿಲ್ಲ.

ಕೈಯಲ್ಲಿರುವ ಫೋನು

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ಫೋನು, ಫೋನನ್ನು ಆಶ್ರಯಿಸಿದ ಪುಟ್ಟ ಪರದೆ, ಸ್ವತಂತ್ರವಾದ ಜಿ.ಪಿ.ಎಸ್. ಯಂತ್ರ.

ಫೋನಿನ ದೊಡ್ಡ ಗುಣವೆಂದರೆ ಅದು ಆಗಲೇ ನಮ್ಮಲ್ಲಿದೆ. ಗೂಗಲ್ ನಕ್ಷೆಯಲ್ಲಿ ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಬಳಸುವ ಓಸ್ಮ್ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಮುಂತಾದವುಗಳಲ್ಲಿ ದೊಡ್ಡ ದೊಡ್ಡ ಪ್ರದೇಶಗಳ ನಕ್ಷೆಯನ್ನೇ ಇಳಿಸಬಹುದು. ಇಳಿಸಿದ ನಕ್ಷೆ ದಾರಿ ಹೇಳುತ್ತದೆಯೇ ಹೊರತು ಮುಂದಿರುವ ವಾಹನಗಳ ದಟ್ಟಣೆಯನ್ನು, ಮರ ಬಿದ್ದುದನ್ನು ಹೇಳಲಾರದು ಎಂಬುದು ನೆನಪಿರಲಿ. ಹೀಗೆ ಇಳಿಸಿದ್ದಕ್ಕೂ ಅವಧಿಯುಂಟು. ಹೊರಡುವ ಹಿಂದಿನ ದಿನ ಹೊಸದು ಮಾಡಿಕೊಳ್ಳಬೇಕು.

ದೋಷಗಳೂ ಇವೆ. ಮೊದಲನೆಯದು ಬಿಸಿಲು. ಐಫೋನನ್ನು 35 ಡಿಗ್ರಿಯೊಳಗಿನ ಉಷ್ಣತೆಯಲ್ಲಿ ಬಳಸಬೇಕೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಹ್ಯಾಂಡಲಿನ ಮೇಲೆ ಕುಳಿತ ಫೋನು, ಅದರಲ್ಲೂ ಚಾರ್ಜ್ ಆಗುತ್ತಿರುವ ಫೋನು, ಕಾದು ಮಂಕಾಗುತ್ತದೆ. ಕೆಲವೊಮ್ಮೆ ಕೆಲಸ ನಿಲ್ಲಿಸಿಬಿಡುತ್ತದೆ. ಎರಡನೆಯದು ಮಳೆ. ನೀರು ಒಳಹೊಗದ ಫೋನಿನಲ್ಲೂ ಪರದೆಯ ಮೇಲೆ ಬಿದ್ದ ಹನಿಗಳು ಬೆರಳಿನಂತೆ ವರ್ತಿಸಿ ಏನೇನನ್ನೋ ಒತ್ತುತ್ತವೆ. ಕೈಗವಸು ಹಾಕಿದ ಬೆರಳನ್ನು ಮಾತ್ರ ಅನೇಕ ಫೋನುಗಳು ಗುರುತಿಸುವುದಿಲ್ಲ. ಮೂರನೆಯದು ಅದುರುವಿಕೆ. ಹೆಚ್ಚು ಶಕ್ತಿಯ ಮೋಟಾರು ಸೈಕಲಿನ ಎಂಜಿನ್ನಿನ ಅದುರುವಿಕೆ ಹ್ಯಾಂಡಲಿನ ಮೂಲಕ ಫೋನಿಗೆ ದಾಟಿ ಕ್ಯಾಮೆರಾವನ್ನು ಕೆಡಿಸಬಹುದೆಂದು ಆಪಲ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಬರಿಯ ಕಬ್ಬಿಣದ ಹಿಡಿಕೆ ಸಾಲದು. ಅದುರುವಿಕೆಯನ್ನು ತಡೆಯುವ ರಬ್ಬರು ಜೋಡಣೆಯುಳ್ಳ ಹಿಡಿಕೆಯನ್ನೇ ಕೊಳ್ಳಬೇಕು.

ನಾಲ್ಕನೆಯದೇ ಹೆಚ್ಚು ಮುಖ್ಯ. ದಾರಿ ತೋರಿಸುತ್ತಾ ಫೋನಿನ ಬ್ಯಾಟರಿ ಬರಿದಾಯಿತೆಂದರೆ ನಕ್ಷೆಯೊಂದೇ ಅಲ್ಲ, ಮನೆಗೆ ಕರೆ ಮಾಡುವ, ಸಹಾಯ ಕೇಳುವ ಉಪಾಯವೂ ಕೈಬಿಡುತ್ತದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಗೆ ಹಾಕಿದಂತಾಗುವ ಈ ಸ್ಥಿತಿಯನ್ನು ತಪ್ಪಿಸಲು ಇಬ್ಬರು ಗೆಳೆಯರು ಹೊರಟರೆ ಒಬ್ಬನ ಫೋನು ದಾರಿಗೆ, ಇನ್ನೊಬ್ಬನದು ಜೇಬಿಗೆ ಇರಲಿ. ಒಬ್ಬನೇ ಹೋಗುವುದಾದರೆ ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ನಕ್ಷೆ ಇಳಿಸಿ ಹ್ಯಾಂಡಲಿಗೆ ಕಟ್ಟಬಹುದು. ಅದಕ್ಕೆ ಸಿಮ್ಮೇ ಬೇಕಿಲ್ಲ. ಬೈಕಿನ 12 ವೋಲ್ಟಿನ ಬ್ಯಾಟರಿಯಿಂದ ಚಾರ್ಜ್ ಮಾಡುವ ತಂತಿಗೆ ಫ್ಯೂಸ್ ಇರಬೇಕು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಹರಿಯುವಂತೆ ತಿಳಿದ ಮೆಕ್ಯಾನಿಕ್‌ನಿಂದ ಜೋಡಿಸಿಕೊಳ್ಳಬೇಕು.

ಪುಟ್ಟ ಪರದೆಗಳು

ರಾಯಲ್ ಎನ್‌ಫೀಲ್ಡ್ ಕಂಪನಿ 2020ರಲ್ಲಿ ತನ್ನ ಮೀಟಿಯೋರ್ 350 ಬೈಕಿನಲ್ಲಿ 'ಟ್ರಿಪ್ಪರ್' ಎಂಬ ದುಂಡನೆಯ ಪರದೆಯನ್ನು ಕೊಟ್ಟಿತು. ಎಡಕ್ಕೋ ಬಲಕ್ಕೋ, ಎಷ್ಟು ದೂರದಲ್ಲಿ ತಿರುವು ಎಂಬುದನ್ನು ಅದು ಬಾಣದ ಗುರುತಿನಿಂದ ತೋರಿಸುತ್ತದೆ. 2023ರ ಹಿಮಾಲಯನ್ 450ರಲ್ಲಿ ನಕ್ಷೆಯೇ ಕಾಣುವ ಪರದೆ ಬಂತು. ಬೀಲೈನ್ ಎಂಬ ಇನ್ನೊಂದು ಪುಟ್ಟ ಯಂತ್ರವನ್ನು ಯಾವ ಬೈಕಿಗೂ ಕಟ್ಟಬಹುದು. ಇವು ಕಣ್ಣಿಗೆ ಹೊರೆಯಾಗುವುದಿಲ್ಲ, ಫೋನು ಬಿಸಿಲು ಮಳೆಗೆ ಸಿಗದೆ ಜೇಬಿನಲ್ಲಿ ಉಳಿಯುತ್ತದೆ. ಆದರೆ ಇವು ತಾವಾಗಿ ದಾರಿ ತಿಳಿದವಲ್ಲ. ಜೇಬಿನ ಫೋನು ಹೇಳಿಕೊಟ್ಟದ್ದನ್ನು ಒಪ್ಪಿಸುವ ವಿದ್ಯಾರ್ಥಿಗಳು. ಫೋನು ಮಲಗಿದರೆ ಇವೂ ಮಲಗುತ್ತವೆ. ಬೈಕಿನ ಜತೆಗೇ ಬಂದಿದ್ದರೆ ಬಳಸಿಕೊಳ್ಳಿ. ಇದಕ್ಕಾಗಿಯೇ ಬೈಕನ್ನು ಆರಿಸಬೇಡಿ.

ಸ್ವತಂತ್ರ ಯಂತ್ರ

ಮೂರನೆಯ ಬಗೆಯಲ್ಲಿ ಹೆಸರುವಾಸಿಯಾದದ್ದು ಗಾರ್ಮಿನ್ ಕಂಪನಿಯ ಜೂಮೋ. 2020ರಲ್ಲಿ ಬಂದ ಜೂಮೋ ಎಕ್ಸ್‌ಟಿಯ ಪರದೆ 5.5 ಅಂಗುಲ, 2023ರ ಎಕ್ಸ್‌ಟಿ2ರದ್ದು 6 ಅಂಗುಲ. ನಕ್ಷೆ ಒಳಗೇ ಇರುತ್ತದೆ. ಕೈಗವಸಿನ ಬೆರಳಿಗೆ ಒಗ್ಗುತ್ತದೆ, ಬಿಸಿಲಿನಲ್ಲಿ ಕಾಣುತ್ತದೆ, ಬೈಕಿನಿಂದಲೇ ವಿದ್ಯುತ್ತು ಪಡೆಯುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ, ವಾರಗಟ್ಟಲೆ ಸವಾರಿ ಮಾಡುವವರಿಗೆ ಇದರ ಬೆಲೆ ತಿಳಿದೀತು.

ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಷ್ಟೆ. ಎಕ್ಸ್‌ಟಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 500 ಡಾಲರಿನಷ್ಟಿತ್ತು. ವರ್ಷಕ್ಕೆ ಎರಡು ಸಲ ಮಡಿಕೇರಿಗೆ ಹೋಗಿಬರುವವನಿಗೆ ಅಷ್ಟು ಖರ್ಚಿನ ಅಗತ್ಯ ನಮಗೆ ಕಾಣುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ವಿಶೇಷ ಸೂಚನೆ. ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಊರಿಗೆ ಬರುವಾಗ ಇಂಥ ವಸ್ತುಗಳನ್ನು ತರಿಸಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಈ ಯಂತ್ರಗಳು ಆಯಾ ಪ್ರದೇಶದ ನಕ್ಷೆಯೊಂದಿಗೆ ಮಾರಾಟವಾಗುತ್ತವೆ. ಅಲ್ಲಿ ಕೊಂಡದ್ದರಲ್ಲಿ ಭಾರತದ ನಕ್ಷೆ ಇದೆಯೇ, ಇಲ್ಲವಾದರೆ ಎಷ್ಟು ಕೊಟ್ಟು ಸೇರಿಸಿಕೊಳ್ಳಬೇಕು, ಕೆಟ್ಟರೆ ಇಲ್ಲಿ ದುರಸ್ತಿ ಮಾಡಿಕೊಡುವರೇ ಎಂದು ಮೊದಲೇ ಕೇಳಿರಬೇಕು. ಇನ್ನೂ ಗಂಭೀರವಾದ ವಿಚಾರವೊಂದುಂಟು. ಜಿ.ಪಿ.ಎಸ್. ಯಂತ್ರ ಉಪಗ್ರಹದ ಮಾತನ್ನು ಕೇಳುತ್ತದೆ, ಅಷ್ಟೆ, ಅದಕ್ಕೆ ಅಡ್ಡಿಯಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ 'ಇನ್‌ರೀಚ್' ಮುಂತಾದವು ಬೇರೆ ಜಾತಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶೀ ಪ್ರವಾಸಿಯೊಬ್ಬರನ್ನು ಇದೇ ಕಾರಣಕ್ಕೆ ತಡೆದಿದ್ದರು. ತಮ್ಮನ ಸುರಕ್ಷೆಗೆಂದು ಪ್ರೀತಿಯಿಂದ ತಂದ ವಸ್ತು ಅಣ್ಣನನ್ನು ಠಾಣೆಗೆ ಎಳೆಯಬಾರದು.

ಅಂಗಡಿಯಲ್ಲಿ ನೋಡಬೇಕಾದದ್ದು

ಯಾವ ಯಂತ್ರವನ್ನೂ ಅಂಗಡಿಯ ದೀಪದ ಬೆಳಕಿನಲ್ಲಿ ನೋಡಿ ಕೊಳ್ಳಬಾರದು. ಹೊರಗೆ ಮಧ್ಯಾಹ್ನದ ಬಿಸಿಲಿಗೆ ತಂದು ಅಕ್ಷರ ಓದಲಾಗುತ್ತದೆಯೇ ನೋಡಿ. ಕೈಗವಸು ಹಾಕಿ ಒತ್ತಿ ನೋಡಿ. ಒದ್ದೆ ಬಟ್ಟೆಯಿಂದ ಪರದೆ ಒರೆಸಿ ಮತ್ತೆ ಒತ್ತಿ. ಪೆಟ್ಟಿಗೆಯ ಮೇಲೆ 'ಐಪಿಎಕ್ಸ್7' ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳಿಕೊಳ್ಳುತ್ತದೆ ಎಂದರ್ಥ. ರಭಸದಿಂದ ಬಡಿಯುವ ನೀರಿನ ಪರೀಕ್ಷೆ ಬೇರೆಯೇ. ಅದಕ್ಕೆ 5 ಅಥವಾ 6ರ ಗುರುತಿರುತ್ತದೆ. ಆಷಾಢದ ಮಳೆಯಲ್ಲಿ ಓಡುವ ಬೈಕಿಗೆ ನೀರು ಬಡಿಯುವುದೇ ಹೆಚ್ಚು.

ಧ್ವನಿಯೂ ಮುಖ್ಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಎರಡು ಸೆಕೆಂಡು ಪರದೆ ನೋಡಿದರೆ ಅಷ್ಟರಲ್ಲಿ 33 ಮೀಟರ್ ದೂರವನ್ನು ರಸ್ತೆ ನೋಡದೆಯೇ ದಾಟಿರುತ್ತಾನೆ. ಲೆಕ್ಕ ಎಂಟನೆಯ ತರಗತಿಯದು; ಪರಿಣಾಮ ಅಷ್ಟು ಸುಲಭದ್ದಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮದಂತೆ, ದಾರಿ ತಿಳಿಯುವುದಕ್ಕಾಗಿ ಮಾತ್ರ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಇಂಥ ಉಪಕರಣ ಬಳಸಬಹುದು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಬೈಕು ಓಡಿಸುವುದಕ್ಕೆ ಅನುಮತಿ ಇಲ್ಲ.

ಊರಿನ ಹೆಸರು

ಇನ್ನು ನಮ್ಮಂಥ ಗಡಿನಾಡಿನವರಿಗೆ ಮಾತ್ರ ಚೆನ್ನಾಗಿ ಅರ್ಥವಾಗುವ ತೊಡಕೊಂದಿದೆ. ನಮ್ಮ ಊರುಗಳಿಗೆ ಕನ್ನಡದಲ್ಲೊಂದು ಹೆಸರು, ಮಲಯಾಳದಲ್ಲೊಂದು ಹೆಸರು. ಯಂತ್ರಕ್ಕೆ ಇವೆರಡೂ ತಿಳಿದಿರಬೇಕೆಂದೇನಿಲ್ಲ. ನಾವು ಹೊಸದುರ್ಗ ಎನ್ನುವ ಪೇಟೆ ಮಲಯಾಳದವರಿಗೆ ಕಾಞಂಗಾಡ್. ಬೆಂಗಳೂರಿನ ನೆಂಟರು ಯಂತ್ರದಲ್ಲಿ ಹೊಸದುರ್ಗವೆಂದು ಬರೆದರೆ ಅದು ಅವರನ್ನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗಕ್ಕೆ ಕರೆದೊಯ್ಯಲು ಸಿದ್ಧವಾದೀತು. ಕುಂಬಳೆಯ ಬಳಿಯ ಅನಂತಪುರದ ಸರೋವರ ದೇವಾಲಯಕ್ಕೆಂದು ಹೊರಟವರಿಗೆ ಆಂಧ್ರದ ಅನಂತಪುರ ತೋರೀತು. ಮಂಜೇಶ್ವರದ ಬಳಿ ಹೊಸಂಗಡಿಯಿದೆ. ಉಡುಪಿ ಜಿಲ್ಲೆಯ ಘಟ್ಟದ ಬುಡದಲ್ಲೂ ಒಂದು ಹೊಸಂಗಡಿಯಿದೆ. ಆದ್ದರಿಂದ ಹೆಸರು ಬರೆದು ಹೊರಟುಬಿಡದೆ ಜಿಲ್ಲೆಯನ್ನೂ ಒಟ್ಟು ದೂರವನ್ನೂ ನೋಡಿ ದೃಢಪಡಿಸಿಕೊಳ್ಳಬೇಕು.

ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತಿದೆ. ಸ್ವತಂತ್ರ ಯಂತ್ರ ಕೊಳ್ಳುವವರು ಅದರಲ್ಲಿ ಕನ್ನಡ ಇದೆಯೇ ಎಂದು ಅಂಗಡಿಯಲ್ಲೇ ಮಾತಾಡಿಸಿ ಕೇಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೇ ಊರಿಗೆ ಬೇರೆಬೇರೆ ಭಾಷೆಯ ಹೆಸರುಗಳನ್ನು ಬೇರೆಬೇರೆಯಾಗಿ ಬರೆದಿಡಲು ಸ್ಥಳವಿದೆ. ಖಾತೆ ತೆರೆದ ಯಾರಾದರೂ ಸೇರಿಸಬಹುದು, ಹಣ ಕೊಡಬೇಕಿಲ್ಲ. ಮಲಯಾಳದ ಹೆಸರನ್ನು ಅಳಿಸಬೇಕಿಲ್ಲ, ಪಕ್ಕದಲ್ಲಿ ಕನ್ನಡದ್ದನ್ನು ಬರೆದರಾಯಿತು. ನಮ್ಮ ಹೈಸ್ಕೂಲು ಮಕ್ಕಳು ತಮ್ಮ ತಮ್ಮ ಊರಿನ ಹೆಸರು, ಬಯಲು, ಪದವು, ಕಟ್ಟೆ, ತೋಡುಗಳ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ತಿಳಿದು ಅಲ್ಲಿ ಸೇರಿಸಿದರೆ, ದಾರಿಹೋಕನಿಗೂ ಉಪಕಾರ, ಹೆಸರಿಗೂ ಆಯುಷ್ಯ.

ಹೊರಡುವ ಮುನ್ನ

ಹಿಂದಿನ ರಾತ್ರಿ ಇಡೀ ದಾರಿಯನ್ನು ದೊಡ್ಡ ಪರದೆಯಲ್ಲೋ ಕಾಗದದ ಭೂಪಟದಲ್ಲೋ ಒಮ್ಮೆ ನೋಡಬೇಕು. ಗೂಗಲ್ ನಕ್ಷೆಯಲ್ಲಿ 2017ರಿಂದ ದ್ವಿಚಕ್ರದ ಆಯ್ಕೆಯಿದೆ. ಅದು ಕಾರು ಹೋಗಲಾರದ ಕಿರುದಾರಿಗಳನ್ನೂ ತೋರಿಸುತ್ತದೆ. ಪೇಟೆಯೊಳಗೆ ಅದು ಅನುಕೂಲವೇ. ಹೊರೆ ಹೊತ್ತ ಬೈಕಿಗೆ ಮಳೆಗಾಲದ ಇರುಳಿನಲ್ಲಿ ಅಂಥ ಹತ್ತಿರದ ದಾರಿಯೇ ದೂರದ್ದಾದೀತು. ಬಂಡೀಪುರದ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಯಂತ್ರ ಹೇಳಲಿ ಬಿಡಲಿ, ಗೇಟಿನವರು ಬಿಡುವುದಿಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆ ಘಟ್ಟ ಕುಸಿದಾಗ ಮಡಿಕೇರಿಯ ದಾರಿ ಕಡಿದುಹೋಗಿತ್ತು. ಮಳೆಗಾಲದಲ್ಲಿ ಹೊರಡುವವರು ಅಂದಿನ ಪತ್ರಿಕೆಯನ್ನು ಓದಿ ಹೊರಡುವುದು ಒಳ್ಳೆಯದು. ಲಡಾಖಿಗೆ ಹೋಗುವವರು ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಳ್ಳಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ತಂಗುವ ಊರುಗಳ, ಪೆಟ್ರೋಲು ಸಿಗುವ ಸ್ಥಳಗಳ, ಮನೆಯ ಫೋನ್ ಸಂಖ್ಯೆಯ ಪಟ್ಟಿಯೊಂದು ಕಾಗದದ ಮೇಲೆ ಜೇಬಿನಲ್ಲಿರಲಿ. ಅದರ ಪ್ರತಿ ಮನೆಯಲ್ಲಿಯೂ ಇರಲಿ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇಷ್ಟು. ವರ್ಷಕ್ಕೆ ಕೆಲವು ಸಲ ಎರಡು ಮೂರು ದಿನಗಳ ಪ್ರವಾಸ ಮಾಡುವವರಿಗೆ ನಕ್ಷೆ ಇಳಿಸಿಟ್ಟ ಫೋನು, ಗಟ್ಟಿಯಾದ ಹಿಡಿಕೆ, ಸರಿಯಾದ ಚಾರ್ಜಿಂಗ್ ತಂತಿ, ಜೇಬಿನಲ್ಲಿ ಇನ್ನೊಂದು ಫೋನು, ಇಷ್ಟು ಧಾರಾಳ ಸಾಕು. ವಾರಗಟ್ಟಲೆ, ನೆಟ್‌ವರ್ಕಿಲ್ಲದ ಬೆಟ್ಟಗಾಡಿನಲ್ಲಿ ಸುತ್ತುವವರು ಸ್ವತಂತ್ರ ಯಂತ್ರಕ್ಕೆ ಹಣ ಕೂಡಿಡಬಹುದು, ಅದು ದುಂದುವೆಚ್ಚವಲ್ಲ. ಯಾವುದನ್ನೇ ಕೊಂಡರೂ, ರಸ್ತೆಯ ಮೇಲೆ ನೀರು ಹರಿಯುವುದು ಕಂಡಾಗ ಯಂತ್ರ 'ಮುಂದೆ ಹೋಗು' ಎನ್ನುತ್ತಿದ್ದರೂ ಬೈಕು ನಿಲ್ಲಿಸಿ ಹತ್ತಿರದ ಮನೆಯವರನ್ನು ಕೇಳಬೇಕು. ಕನ್ನಡ, ತುಳು, ಮಲಯಾಳ ಮೂರರಲ್ಲೂ ದಾರಿ ಕೇಳಬಲ್ಲ ನಮ್ಮ ಮಕ್ಕಳಿಗೆ ಅದೇನೂ ಕಷ್ಟದ ಕೆಲಸವಲ್ಲ.